ಕೀರ್ದಿ ಸರಿಯಿದ್ದರೆ ಸಾಲದೇ? ಸಿವಿಲ್, ಕ್ರಿಮಿನಲ್ ರುಜುವಾತಿನ ವ್ಯತ್ಯಾಸ ನಿಮಗೆ ತಿಳಿದದ್ದು ಹೇಗೆ?

ಪ್ರಶ್ನೆ (ಬಿ.ಕಾಂ. ವಿದ್ಯಾರ್ಥಿನಿ, ವಿಜಯಪುರ): ಸಿವಿಲ್ ದಾವೆಯಲ್ಲಿ ಯಾರ ಮಾತು ಹೆಚ್ಚು ಸಂಭವನೀಯವೋ ಅವರಿಗೆ ಗೆಲುವು, ಕ್ರಿಮಿನಲ್ ಪ್ರಕರಣದಲ್ಲಿ ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕು. ಇಷ್ಟು ಬಾಯಿಪಾಠವಾಗಿದೆ. ಪ್ರಶ್ನೆ ಕಥೆಯ ರೂಪದಲ್ಲಿ ಬಂದರೆ ತಡವರಿಸುತ್ತೇನೆ. ಅನುಭವವಿದ್ದವರು ಹೇಳುತ್ತೀರಾ?

ನಿವೃತ್ತ ಗುಮಾಸ್ತ, ಮಹಾಲಿಂಗಪುರ: ತಂಗಿ, ನನಗೆ ಇದನ್ನು ಕಲಿಸಿದ್ದು ಬೆಲ್ಲದ ಬಾಕಿ. ಅಡತ್ (ದಲಾಲಿ) ಅಂಗಡಿಯಲ್ಲಿ ದಿನದ ಲೆಕ್ಕದ ಕೀರ್ದಿ, ಖಾತೆವಾರು ಲೆಕ್ಕದ ಖಾತಾವಣಿ ಬರೆಯುತ್ತಿದ್ದೆ. ಮಾಲು ಒಯ್ದವನು ಹಣ ಕೊಡಲಿಲ್ಲ. ಸಾಹುಕಾರರು ದಾವೆ ಹೂಡಿದರು. ನನ್ನ ಅಕ್ಷರವೇ ಸಾಕ್ಷಿ ಎಂದು ಎದೆಯುಬ್ಬಿಸಿ ಹೋದೆ. ವಕೀಲರು ನಕ್ಕರು. ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕವನ್ನು ನ್ಯಾಯಾಲಯ ನೋಡುತ್ತದೆ, ಆದರೆ ಅದೊಂದರಿಂದಲೇ ಯಾರ ತಲೆಗೂ ಸಾಲ ಕಟ್ಟುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 34ನೇ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 28ನೆಯದು. ಕೊನೆಗೆ ತೂಕದ ಚೀಟಿ ಹುಡುಕಿದೆವು, ಗೋದಾಮಿನಲ್ಲಿ ಇಲಿ ಕಡಿದಿದ್ದ ಲಾರಿ ಬಿಲ್ಟಿಯನ್ನೂ (ಮಾಲು ಸಾಗಿಸಿದ ರಸೀದಿ) ತಂದೆವು. ಎದುರಿನವನು ಹಣ ಕೊಟ್ಟೆನೆಂದ, ರಸೀದಿ ತೋರಿಸಲಿಲ್ಲ. ತಕ್ಕಡಿ ನಮ್ಮ ಕಡೆ ಗುಲಗಂಜಿಯಷ್ಟು ವಾಲಿತು. ಸಿವಿಲ್ ದಾವೆಗೆ ಅಷ್ಟು ಸಾಕು.

ಆರ್ಟಿಕಲ್‌ಶಿಪ್ (ಸಿ.ಎ. ತರಬೇತಿ) ಮಾಡುತ್ತಿರುವವನು, ಬಾಗಲಕೋಟೆ: ನಾನು ಕಂಡದ್ದು ತಿರುಗಾಮುರುಗಾ. ಒಂದು ಪತ್ತಿನ ಸಂಘದಲ್ಲಿ ನಗದು ಕಡಿಮೆ ಬಿತ್ತು, ಕ್ಯಾಷಿಯರ್ ಮೇಲೆ ಪ್ರಕರಣ ದಾಖಲಾಯಿತು. ಹಣ ಹೋಗಿದೆ ಎಂದು ಲೆಕ್ಕ ಹೇಳಿತು, ಯಾರು ಒಯ್ದರು ಎಂದು ಹೇಳಲಿಲ್ಲ. ತಿಜೋರಿಯ ಕೀಲಿ ಮೂವರ ಕೈಯಲ್ಲಿ ಓಡಾಡುತ್ತಿತ್ತು. ಸಂಶಯದ ಲಾಭ ಸಿಕ್ಕಿ ಆತ ಬಿಡುಗಡೆಯಾದ. ಆದರೂ ಕೆಲಸ ಉಳಿಯಲಿಲ್ಲ: ಸಂಘದ ಆಂತರಿಕ ವಿಚಾರಣೆಗೆ ಸಿವಿಲ್ ಅಳತೆಯೇ ಸಾಕಾಗುತ್ತದೆ.

ವಕೀಲೆ, ಬೆಳಗಾವಿ: ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ಪರೀಕ್ಷೆಯಲ್ಲಿ ಮಕ್ಕಳು ಜಾರುವುದು ಚೆಕ್ ಬೌನ್ಸ್ ಪ್ರಶ್ನೆಯಲ್ಲಿ. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕ್ರಿಮಿನಲ್. ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಹಾಗೆಂದು ಎಲ್ಲವನ್ನೂ ದೂರುದಾರನೇ ಸಂಶಯಾತೀತವಾಗಿ ಸಾಬೀತು ಮಾಡಬೇಕೆಂದು ಬರೆದೀಯಾ! ಸಹಿ ತನ್ನದೆಂದು ಆರೋಪಿ ಒಪ್ಪಿದರೆ, ಚೆಕ್ ಕೊಟ್ಟದ್ದು ಸಾಲಕ್ಕಾಗಿಯೇ ಎಂದು 139ನೇ ಕಲಂ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ಆರೋಪಿಯದು. ಅವನ ಅಳತೆ ಮಾತ್ರ ಹಗುರ: ತನ್ನ ವಿವರಣೆ ಹೆಚ್ಚು ಸಂಭವನೀಯ ಎನಿಸಿದರೆ ಸಾಕು. 2010ರ ರಂಗಪ್ಪ ವಿರುದ್ಧ ಶ್ರೀ ಮೋಹನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಕರ್ನಾಟಕದಿಂದಲೇ ಹೋದ ಪ್ರಕರಣ, ಹೆಸರು ಮರೆಯಬೇಡ.

ವಿದ್ಯಾರ್ಥಿನಿ: ಅಕ್ಕಾ, ಚೆಕ್ ವಿಷಯ ಹೀಗಿದೆ ಎಂದು ಗೊತ್ತೇ ಇರಲಿಲ್ಲ. ಕಾಕಾ, ಇಲಿ ಕಡಿದ ಬಿಲ್ಟಿಯನ್ನು ನ್ಯಾಯಾಲಯ ಒಪ್ಪಿತೇ?

ನಿವೃತ್ತ ಗುಮಾಸ್ತ: ಒಪ್ಪಿತು. ತೂಕ, ಸಹಿ ಉಳಿದಿದ್ದವು. ಹರಿದುಹೋಗಿದ್ದ ತಾರೀಖನ್ನು ಲಾರಿ ಚಾಲಕನೇ ಕಟಕಟೆಗೆ ಬಂದು ಹೇಳಿದ. ಮಾಲು ಸಾಗಿಸಿದ ದಿನವೇ ಅವನ ಮಗಳ ನಿಶ್ಚಿತಾರ್ಥವಿತ್ತಂತೆ, ಅದಕ್ಕೇ ನೆನಪಿತ್ತು.