ಸಹಾಯ ಬೇಕು: ಫೈಲ್‌ಸಿಸ್ಟಮ್ ಟೆಸ್ಟ್‌ಗೆ ನೀವು ಬಳಸಿದ ಎಸ್‌ಎಸ್‌ಡಿ ಎರವಲು

ನಮಸ್ಕಾರ. ಬಿಕ್ಯಾಶ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಎಕ್ಸ್‌ಟಿ4 ಎಂಬ ಮೂರು ಲಿನಕ್ಸ್ ಫೈಲ್‌ಸಿಸ್ಟಮ್‌ಗಳ ವೇಗ ಹೋಲಿಸಬೇಕಿದೆ. ಖಾಲಿ ಡಿಸ್ಕ್ ಮೇಲೆ ಡೀಫಾಲ್ಟ್‌ನಲ್ಲೇ ಓಡಿಸಿದ ನಂಬರ್ ನಂಬೋಕಾಗಲ್ಲ. ಮೊದಲೆರಡು ಡೇಟಾಗೂ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ಪತ್ತೆಹಚ್ಚೋ ಸಂಖ್ಯೆ) ಬರೆಯುತ್ತವೆ, ಎಕ್ಸ್‌ಟಿ4 ಮೆಟಾಡೇಟಾಗಷ್ಟೇ (ಫೈಲ್‌ಗಳ ಬಗೆಗಿನ ಮಾಹಿತಿ); ಅದು ಗೆದ್ದರೆ ಆಶ್ಚರ್ಯವೇನು? ಚೆಕ್‌ಸಮ್ ಆಫ್ ಮಾಡಿ ಅಳೆದರೂ ಪ್ರಯೋಜನ ಕಮ್ಮಿ, ನಿಜ ಬಳಕೆಯಲ್ಲಿ ಯಾರು ಹಾಗೆ ಇಡ್ತಾರೆ? ಹಾಗಾಗಿ ಎರಡೂ ಥರ ಓಡಿಸ್ತೀವಿ.

ಪ್ರತಿ ಸುತ್ತಿಗೂ ಬ್ಲಾಕ್‌ಡಿಸ್ಕಾರ್ಡ್ (ಡ್ರೈವ್ ಪೂರ್ತಿ ಖಾಲಿ ಮಾಡೋ ಕಮಾಂಡ್), ಆಮೇಲೆ ಶೇ 80 ತುಂಬಿಸಿ, ಚಿಕ್ಕ ಫೈಲ್‌ಗಳನ್ನು ಅಳಿಸಿ ಬರೆದು ಚೆದುರಿಸಿ, ರೀಮೌಂಟ್ ಮಾಡಿ ಎಫ್‌ಐಒ (ಡಿಸ್ಕ್ ವೇಗ ಅಳೆಯೋ ಟೂಲ್) ಓಡಿಸ್ತೀವಿ. ಟೆಸ್ಟ್ ಫೈಲ್ ರ್‍ಯಾಮ್‌ನ ದುಪ್ಪಟ್ಟು ಇರಬೇಕು, ಇಲ್ಲದಿದ್ದರೆ ಅಳೆಯೋದು ಪೇಜ್ ಕ್ಯಾಶನ್ನೇ (ಮೆಮೊರಿಯಲ್ಲಿ ಉಳಿದ ಫೈಲ್ ಪ್ರತಿ), ಡಿಸ್ಕನ್ನಲ್ಲ.

ಬೇಕಿರೋದು: ಬೆಂಗಳೂರಿನ ಎಸ್‌ಪಿ ರೋಡಲ್ಲಿ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಸಿಗುವಂಥ, ಒಳಗೆ ತನ್ನದೇ ಕ್ಯಾಶ್ ಮೆಮೊರಿ ಅಂದರೆ ಡಿರ್‍ಯಾಮ್ ಇಲ್ಲದ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಎರಡು ವಾರಕ್ಕೆ. ಜಯನಗರ, ಬಸವನಗುಡಿ ಕಡೆಯಾದರೆ ಬಂದು ತಗೋತೀವಿ. ಡೇಟಾ ಪೂರ್ತಿ ಅಳಿಸಿಹೋಗುತ್ತೆ, ಬ್ಯಾಕಪ್ ತೆಗೆದೇ ಕೊಡಿ. ಎಸ್‌ಎಲ್‌ಸಿ ಕ್ಯಾಶ್ (ಡ್ರೈವ್ ಮೊದಲು ಬರೆಯೋ ವೇಗದ ಭಾಗ) ತುಂಬಿದ್ದು ಖಚಿತ ಮಾಡಿಕೊಳ್ಳೋ ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.