ಅಪ್‌ಡೇಟ್: ಮ್ಯೂನಿಕ್ ತಂಡದೊಂದಿಗೆ ಈಗ ಹೇಗಿದೆ?

ಜರ್ಮನಿಯ ಮ್ಯೂನಿಕ್‌ನ ಸಹೋದ್ಯೋಗಿಗಳು ನಮ್ಮ ಕೆಲಸವನ್ನು ಮುಖಕ್ಕೆ ಹೊಡೆದಂತೆ ಟೀಕಿಸುತ್ತಾರೆ, ಬೆಂಗಳೂರಿನ ನಮ್ಮ ತಂಡ ಮೀಟಿಂಗ್‌ನಲ್ಲಿ ಬಾಯಿ ಬಿಡುವುದೇ ಇಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ. ಪರಿಸ್ಥಿತಿ ಬಹಳ ಸುಧಾರಿಸಿದೆ.

ಹೆಚ್ಚು ಫಲ ಕೊಟ್ಟದ್ದು, ಚರ್ಚೆಯ ವಿಷಯಗಳನ್ನು ಹಿಂದಿನ ದಿನವೇ ಬರೆದು ಕಳುಹಿಸುವ ಸಲಹೆ. ಈಗ ನಮ್ಮವರು ಓದಿಕೊಂಡು ಬರುತ್ತಾರೆ, ಧೈರ್ಯವಾಗಿ ಮಾತನಾಡುತ್ತಾರೆ. ಕಳೆದ ವಾರ ಕಿರಿಯ ಎಂಜಿನಿಯರ್ ಒಬ್ಬಳು, "ಈ ಗಡುವಿನೊಳಗೆ ಪರೀಕ್ಷೆ ಮುಗಿಯುವುದಿಲ್ಲ, ಇನ್ನೊಂದು ವಾರ ಬೇಕು" ಎಂದು ನೇರವಾಗಿ ಹೇಳಿದಳು. ಆ ಕಡೆಯ ಹಿರಿಯರು ಕಾರಣ ಕೇಳಿದರು, ಬರೆದುಕೊಂಡರು, ಒಪ್ಪಿದರು. ಅಷ್ಟೇ! ನಾವು ಅಂಜಿದ್ದ ಸಿಡಿಮಿಡಿ ಏನೂ ಇರಲಿಲ್ಲ. ಅವರ ಟೀಕೆ ಕೆಲಸದ ಮೇಲೆಯೇ ಹೊರತು ಮನುಷ್ಯರ ಮೇಲಲ್ಲ ಎಂಬುದು ತಂಡಕ್ಕೆ ಮನದಟ್ಟಾಗಿದೆ.

ಇನ್ನು ಸಮಯ. ಅಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಬೇಸಿಗೆಯಲ್ಲಿ ಮೂರೂವರೆ ಗಂಟೆಯ ಅಂತರ ಚಳಿಗಾಲದಲ್ಲಿ ನಾಲ್ಕೂವರೆಯಾಗುತ್ತದೆ. ಹಾಗಾಗಿ ಸಂಜೆಯ ಮೀಟಿಂಗ್ ನಮಗೆ ರಾತ್ರಿಗೆ ಜಾರುತ್ತಿತ್ತು. ನಮ್ಮ ಮಧ್ಯಾಹ್ನ 2 ಗಂಟೆಗೆ ಇಡೋಣವೇ ಎಂದೆ, ಕೂಡಲೇ ಒಪ್ಪಿದರು.

ದೀಪಾವಳಿ ಮತ್ತು ಅವರ ಆಗಸ್ಟ್ ರಜೆಗಳನ್ನು ಒಂದೇ ಕ್ಯಾಲೆಂಡರಿಗೆ ತರುವ ಕೆಲಸ ಇನ್ನೂ ಬಾಕಿಯಿದೆ.