ಗ್ಯಾಸ್ ತುಂಬಿಸಿದರೂ ನಿಲ್ಲುತ್ತಿಲ್ಲ, ಲೀಕ್ ಎಲ್ಲಿದೆ ಅಂತಾನೂ ಗೊತ್ತಾಗ್ತಿಲ್ಲ (ಧಾರವಾಡ)

ಸಪ್ತಾಪುರ_ಸೆಕೆ:
ನಮಸ್ಕಾರ. ತಲೆ ಕೆಟ್ಟು ಹೋಗಿದೆ. ನಮ್ಮ ಎಸಿಗೆ ಗ್ಯಾಸ್ ತುಂಬಿಸಿದ ಮೇಲೆ ಒಂದು ತಿಂಗಳು ಚಲೋ ತಂಪು ಕೊಡುತ್ತದೆ. ಆಮೇಲೆ ಬರೀ ಫ್ಯಾನ್ ಗಾಳಿ. ಮತ್ತೆ ಗ್ಯಾಸ್, ಮತ್ತೆ ದುಡ್ಡು. ಮೆಕ್ಯಾನಿಕ್ ಪ್ರತಿ ಸಲ "ಬೇಸಿಗೆಯಲ್ಲಿ ಗ್ಯಾಸ್ ಖರ್ಚಾಗುತ್ತೆ ಸರ್" ಅಂತಾನೆ. ಸೋಪಿನ ನೀರು ಹಚ್ಚಿ ನೋಡಿದ, ಎಲ್ಲೂ ಗುಳ್ಳೆ ಬರಲಿಲ್ಲ. ಇವತ್ತು ಬೆಳಿಗ್ಗೆ ಬೇರೆಯವರನ್ನು ಕರೆಸಿದೆ. ಅವರು ಗೇಜ್ ಹಾಕಿ "250 ಇದೆ, ಗ್ಯಾಸ್ ಫುಲ್, ಪಿಸಿಬಿ (ಒಳಗಿನ ಸರ್ಕ್ಯೂಟ್ ಬೋರ್ಡ್) ಹೋಗಿದೆ" ಅಂದರು. ಯಾರ ಮಾತು ನಂಬಬೇಕು? ಒಂದು ಟನ್ ಎಸಿ. ಮಗಳಿಗೆ ಸಿಇಟಿ ಇದೆ, ರೂಮಿನಲ್ಲಿ ಕೂರೋಕೇ ಆಗ್ತಿಲ್ಲ. ಬೇಗ ಹೇಳಿ.

ಪಿಸಿಬಿ_ಪವನ:
250 ಇದೆ ಅಂದಮೇಲೆ ಗ್ಯಾಸ್ ಬಿಟ್ಟುಬಿಡಿ ಸರ್. ಪಿಸಿಬಿ ಇಲ್ಲಾಂದ್ರೆ ಸೆನ್ಸರ್. ಸ್ಟೆಬಿಲೈಜರ್ ಹಾಕಿದ್ದೀರಾ? ಹಾಕಿಲ್ಲ ಅಂದ್ರೆ ಉತ್ತರ ಅಲ್ಲೇ ಇದೆ.

ಗೋಕುಲರೋಡ್_ಟೂಲ್ಸ್:
ಪವನ, ಎಲ್ಲದಕ್ಕೂ ಪಿಸಿಬಿನೇ ಅಲ್ವಾ ನಿಮಗೆ. ಹೋದ ವಾರ ಒಬ್ಬರ ಫ್ರಿಜ್ ಬಾಗಿಲು ಮುಚ್ಚುತ್ತಿಲ್ಲ ಅಂದಾಗಲೂ ಪಿಸಿಬಿ ಅಂದಿದ್ರಿ.

ಪಿಸಿಬಿ_ಪವನ:
ಅದರ ವಿಷಯ ಬೇರೆ ರೀ. ಸ್ಟೆಬಿಲೈಜರ್ ಬೇಕೋ ಬೇಡವೋ ಅದನ್ನು ಹೇಳಿ.

ಗೋಕುಲರೋಡ್_ಟೂಲ್ಸ್:
ಈಗಿನ ಇನ್ವರ್ಟರ್ ಎಸಿಗಳಲ್ಲಿ ಎಷ್ಟೋ ಮಾಡೆಲ್‌ಗಳು ಸ್ಟೆಬಿಲೈಜರ್ ಇಲ್ಲದೆಯೇ ನಡೆಯುತ್ತವೆ. ವೋಲ್ಟೇಜ್ ಎಷ್ಟರಿಂದ ಎಷ್ಟು ತಡೆಯುತ್ತೆ ಅಂತ ಪುಸ್ತಕದಲ್ಲೇ ಬರೆದಿರುತ್ತಾರೆ. ಮನೆಯ ವೋಲ್ಟೇಜ್ ಅದರಾಚೆ ಹೋದರೆ ಹಾಕಬೇಕು, ಇಲ್ಲಾಂದ್ರೆ ಸುಮ್ನೆ ಖರ್ಚು.

ನವನಗರ_ನಟ್ಟು:
ಇಬ್ಬರೂ ಸ್ವಲ್ಪ ನಿಲ್ಲಿ. ಸೆಕೆ ಸರ್, ಇಷ್ಟು ಹೇಳಿ ಮೊದಲು. ಇನ್ವರ್ಟರಾ, ಹಳೇ ಥರದ್ದಾ? ಯಾವ ಗ್ಯಾಸ್? ಆ 250 ಎಸಿ ನಡೆಯುವಾಗಿನದ್ದೋ ಬಂದ್ ಇದ್ದಾಗಿನದ್ದೋ? ತಂಪು ಕಡಿಮೆಯಾದಾಗ ಮಂಜು ಎಲ್ಲಿ ಕಟ್ಟುತ್ತದೆ? ಮನೆ ಬದಲಾಯಿಸಿದಾಗ ಎಸಿ ಕಳಚಿ ತಂದಿದ್ದೇನಾದರೂ ಉಂಟಾ?

ಸಪ್ತಾಪುರ_ಸೆಕೆ:
ಇನ್ವರ್ಟರ್, ಆರ್ 32. ಬಂದ್ ಇದ್ದಾಗ್ಲೇ ಗೇಜ್ ಹಾಕಿದ್ದು. ಔಟ್‌ಡೋರ್ ಹತ್ತಿರ ಸಣ್ಣ ಪೈಪಿನ ನಟ್ಟಿಗೆ ಬಿಳಿ ಮಂಜು ಬರುತ್ತೆ, ದಪ್ಪ ಪೈಪು ಬೆಚ್ಚಗೇ ಇರುತ್ತೆ. ಹೌದು, ಹೋದ ವರ್ಷ ಗದಗದಿಂದ ಶಿಫ್ಟ್ ಮಾಡಿಸಿದ್ವಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ನವನಗರ_ನಟ್ಟು:
ಅದಕ್ಕೇ ಎಲ್ಲಾ ಸಂಬಂಧ!

ಮೊದಲು 250ರ ವಿಷಯ. ಎಸಿ ಬಂದ್ ಇದ್ದಾಗ ಗೇಜ್ ತೋರಿಸೋದು ಗ್ಯಾಸ್ ಎಷ್ಟಿದೆ ಅಂತಲ್ಲ, ಹೊರಗೆ ಎಷ್ಟು ಸೆಕೆ ಇದೆ ಅಂತ. ಅಡುಗೆ ಗ್ಯಾಸ್ ಸಿಲಿಂಡರ್ ನೋಡಿ. ಅರ್ಧ ಖಾಲಿಯಾದರೂ ಒಲೆ ಅಷ್ಟೇ ಜೋರಾಗಿ ಉರಿಯುತ್ತೆ, ಒಳಗಿನ ದ್ರವ ಮುಗಿಯುವ ಹೊತ್ತಿಗೆ ಮಾತ್ರ ಪ್ರೆಷರ್ ಬೀಳುತ್ತೆ. ಇದೂ ಹಾಗೇ. ಆರ್ 32 ಗ್ಯಾಸು 28 ಡಿಗ್ರಿಯಲ್ಲಿ ಸುಮಾರು 250 ಪಿಎಸ್‌ಐ (ಒತ್ತಡದ ಅಳತೆ), 35ರಲ್ಲಿ 300ರ ಹತ್ತಿರ. ಅರ್ಧ ಗ್ಯಾಸ್ ಸೋರಿ ಹೋಗಿದ್ದರೂ ಅದೇ ಅಂಕೆ ಬರುತ್ತೆ. ಬೆಳಿಗ್ಗೆ ಬಂದು 250 ನೋಡಿ "ಫುಲ್" ಅಂದವರು ಥರ್ಮಾಮೀಟರ್ ಓದಿದ್ದಾರೆ ಅಷ್ಟೇ.

ಸಣ್ಣ ಪೈಪಿಗೆ ಮಂಜು, ದಪ್ಪ ಪೈಪು ಬೆಚ್ಚಗೆ ಅಂದರೆ ಗ್ಯಾಸ್ ಕಡಿಮೆಯಾಗಿರುವ ಲಕ್ಷಣ. ಫಿಲ್ಟರ್‌ನಲ್ಲಿ ಧೂಳು ಕಟ್ಟಿದ್ದರೂ ಮಂಜು ಬರುತ್ತೆ, ಆದರೆ ಆಗ ಒಳಗಿನ ಕಾಯಿಲ್ ಪೂರ್ತಿ ಬೆಳ್ಳಗಾಗಿ ದಪ್ಪ ಪೈಪಿನವರೆಗೂ ಬರುತ್ತೆ. ಇನ್ನು, ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ. ಕಡಿಮೆಯಾಗಿದೆ ಅಂದರೆ ಸೋರಿದೆ.

ಕಾಯಿಲ್_ಕಾಕಾ:
ಇಂಡೋರ್ ಕಾಯಿಲ್. ಬರೆದಿಟ್ಟುಕೊಳ್ಳಿ. ತಾಮ್ರದ ಕಾಯಿಲ್‌ನಲ್ಲಿ ಇರುವೆ ಗೂಡಿನಂಥ ಸಣ್ಣ ತೂತು ಬೀಳುತ್ತೆ. ಪ್ಲೈವುಡ್ ಅಂಟು, ಪೇಂಟ್, ನೆಲ ಒರೆಸುವ ಔಷಧಿ, ಇವುಗಳಿಂದ ಬರುವ ಫಾರ್ಮಿಕ್, ಅಸಿಟಿಕ್ ಆಮ್ಲದ ಆವಿ ತೇವದ ಜೊತೆ ಸೇರಿ ತಾಮ್ರ ತಿನ್ನುತ್ತೆ. ಕಣ್ಣಿಗೆ ಕಾಣಲ್ಲ. ಹೊಸ ಮನೆ, ಹೊಸ ಪೇಂಟ್ ಅಲ್ವಾ? ಕಾಯಿಲ್ ಬದಲಾಯಿಸಿ, ಮುಗೀತು.

ನವನಗರ_ನಟ್ಟು:
ಕಾಕಾ, ಆ ತೂತು ಬೀಳೋದು ನಿಜ. ಆದರೆ ಶಿಫ್ಟ್ ಆದ ಎಸಿಯಲ್ಲಿ ಮೊದಲ ಅನುಮಾನ ಫ್ಲೇರ್ ಮೇಲೆ, ಅಂದರೆ ನಟ್ಟಿನೊಳಗೆ ಕೂರುವ ಪೈಪಿನ ಅಗಲಿಸಿದ ಬಾಯಿ ಮೇಲೆ. ಪೈಪು ಕತ್ತರಿಸಿ, ಬಾಯಿ ಅಗಲಿಸಿ, ನಟ್ಟು ಬಿಗಿಯೋದರಲ್ಲೇ ನೂರಾರು ತಪ್ಪು ಆಗುತ್ತೆ. ಕತ್ತರಿಸಿದ ಅಂಚಿನ ಒಳಗೆ ಉಳಿಯುವ ಚೂಪು ಬರ್ ಸರಿಯಾಗಿ ಕೆರೆಯಲ್ಲ. ಹಳೇ ಫ್ಲೇರನ್ನೇ ಮತ್ತೆ ಹಾಕಿ ಬಿಗಿಯುತ್ತಾರೆ. ಪಾನಾಕ್ಕೆ ಪೈಪ್ ತೂರಿಸಿ ಎಳೆದು ಫ್ಲೇರನ್ನೇ ಸೀಳುತ್ತಾರೆ.

ಗೋಕುಲರೋಡ್_ಟೂಲ್ಸ್:
ಟಾರ್ಕ್ ರೆಂಚ್ ಇಟ್ಟುಕೊಳ್ಳದವರಿಗೆ ಇದೇ ಗತಿ. ಕಾಲಿಂಚು ಪೈಪಿಗೆ 14ರಿಂದ 18 ನ್ಯೂಟನ್ ಮೀಟರ್, 3/8 ಇಂಚಿನದ್ದಕ್ಕೆ 34ರಿಂದ 42. ನನ್ನ ಹತ್ತಿರ ಎರಡೂ ಅಳತೆಯದ್ದು ಇವೆ. ಫ್ಲೇರಿಂಗ್ ಟೂಲ್ ಕೂಡ ಕ್ಲಚ್ ಇರುವುದು. ಮೈಕ್ರಾನ್ ಗೇಜ್, ತೂಕದ ಯಂತ್ರ, ಎರಡು ಸ್ಟೇಜ್ ವ್ಯಾಕ್ಯೂಮ್ ಪಂಪ್, ಎಲ್ಲಾ ಒಂದೇ ಪೆಟ್ಟಿಗೆಯಲ್ಲಿ. ಬೇಕಿದ್ದರೆ ಫೋಟೋ ಹಾಕ್ತೀನಿ.

ಪಿಸಿಬಿ_ಪವನ:
ಯಾರೂ ಕೇಳಲಿಲ್ಲ ರೀ.

ಹಳೇಮಿಸ್ತ್ರಿ_ಗದಗ:
ತಮ್ಮಂದಿರಾ, ನಮ್ಮ ಕಾಲದಲ್ಲಿ ಇಷ್ಟೆಲ್ಲಾ ಇರಲಿಲ್ಲ. ಹ್ಯಾಲೈಡ್ ದೀಪ ಹಚ್ಚಿ, ಅದರ ರಬ್ಬರ್ ಕೊಳವೆಯನ್ನು ಜಾಯಿಂಟ್ ಹತ್ತಿರ ಹಿಡಿದರೆ ಸಾಕು. ಗ್ಯಾಸ್ ಸೋರುತ್ತಿದ್ದರೆ ಉರಿ ಹಸಿರಾಗುತ್ತಿತ್ತು. ಬರೋಬ್ಬರಿ ಜಾಗ ತೋರಿಸುತ್ತಿತ್ತು. ಅಂಥ ದೀಪ ಇದ್ದವರು ಯಾರಾದರೂ ಇದ್ದರೆ ತರಿಸಿ.

ನವನಗರ_ನಟ್ಟು:
ಮಿಸ್ತ್ರಿ ಸಾಹೇಬರೇ, ದಯವಿಟ್ಟು ಬೇಡ. ಆ ದೀಪ ಹಸಿರಾಗೋದು ಗ್ಯಾಸಿನಲ್ಲಿ ಕ್ಲೋರಿನ್ ಇದ್ದರೆ. ಆರ್ 22ರಲ್ಲಿ ಇದೆ, ಆರ್ 32ರಲ್ಲಿ ಇಲ್ಲವೇ ಇಲ್ಲ. ಮೇಲಿಂದ ಆರ್ 32 ಉರಿಯುವ ಗ್ಯಾಸ್. ದೀಪ ಏನೂ ತೋರಿಸಲ್ಲ, ಅಪಾಯ ಮಾತ್ರ ಉಳಿಯುತ್ತೆ.

ಸಪ್ತಾಪುರ_ಸೆಕೆ:
ಏನು, ಉರಿಯುವ ಗ್ಯಾಸಾ?? ಮಗಳು ಅದೇ ರೂಮಿನಲ್ಲಿ ಮಲಗ್ತಾಳೆ. ಇಷ್ಟು ದಿನ ಸೋರಿದ್ದೆಲ್ಲಾ ಒಳಗೇ ಇದೆಯಾ?

ನವನಗರ_ನಟ್ಟು:
ಗಾಬರಿ ಬೇಡ, ಲೆಕ್ಕ ಹಾಕೋಣ. ಔಟ್‌ಡೋರ್ ಸ್ಟಿಕರ್ ಮೇಲೆ ಗ್ಯಾಸ್ ತೂಕ ಇರುತ್ತೆ, ಒಂದು ಟನ್ನಿಗೆ 700 ಗ್ರಾಂ ಅಂತ ಇಟ್ಟುಕೊಳ್ಳಿ. ಅಷ್ಟೂ ಗಾಳಿಯಲ್ಲಿ ಸೇರಿದರೆ ಮೂರನೇ ಒಂದು ಘನ ಮೀಟರ್ ಆಗುತ್ತೆ. ಹತ್ತು ಅಡಿ ಉದ್ದ, ಹತ್ತು ಅಗಲ, ಹತ್ತು ಎತ್ತರದ ರೂಮು ಸುಮಾರು 28 ಘನ ಮೀಟರ್. ಎಲ್ಲಾ ಒಂದೇ ಸಲ ಸೋರಿ ಬೆರೆತರೂ ಶೇಕಡಾ 1ರ ಆಸುಪಾಸು. ಹೊತ್ತಿಕೊಳ್ಳಲು ಶೇಕಡಾ 14ರ ಮೇಲೆ ಬೇಕು. ನಿಮ್ಮದು ತಿಂಗಳು ಹಿಡಿದು ಸೋರುತ್ತಿದೆ. ಕಿಟಕಿ ತೆರೆದಿಡಿ, ಸಾಕು.

ಅಪಾಯ ಇರೋದು ರಿಪೇರಿ ಮಾಡುವಾಗ. ಪೈಪಿನಲ್ಲಿ ಗ್ಯಾಸ್ ಇಟ್ಟುಕೊಂಡೇ ವೆಲ್ಡಿಂಗ್ ಉರಿ ಹಿಡಿಯಬಾರದು. ಲೀಕ್ ಇದ್ದಾಗ ಪಂಪ್ ಡೌನ್ (ಎಸಿ ನಡೆಸಿ ಗ್ಯಾಸನ್ನೆಲ್ಲಾ ಔಟ್‌ಡೋರ್‌ಗೆ ಎಳೆದುಕೊಳ್ಳೋದು) ಕೂಡ ಮಾಡಿಸಬೇಡಿ. ಕಂಪ್ರೆಸರ್ ಗ್ಯಾಸಿನ ಜೊತೆ ಹೊರಗಿನ ಗಾಳಿಯನ್ನೂ ಎಳೆದುಕೊಂಡರೆ ಒಳಗೆ ಎಣ್ಣೆ, ಗಾಳಿ, ಬಿಸಿ ಮೂರೂ ಸೇರಿ ಡೀಸೆಲ್ ಎಂಜಿನ್ ಥರ ಸಿಡಿಯುತ್ತೆ. ಹಾಗೆ ಕಂಪ್ರೆಸರ್ ಒಡೆದು ಮೆಕ್ಯಾನಿಕ್‌ಗಳು ಸತ್ತಿದ್ದಾರೆ.

ಬ್ಯಾಡಗಿ_ಕೋಲ್ಡ್:
700 ಗ್ರಾಂಗೆ ಇಷ್ಟು ಚರ್ಚೆನಾ! ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಲಸ ಮಾಡ್ತೀನಿ. ನಮ್ಮದು ಅಮೋನಿಯಾ, ಟನ್ ಲೆಕ್ಕದಲ್ಲಿ. ಲೀಕ್ ಹುಡುಕೋಕೆ ಗೇಜೂ ಬೇಡ, ಮೀಟರೂ ಬೇಡ, ಮೂಗು ಸಾಕು. ಜಾಗ ಗೊತ್ತಾಗಬೇಕಾದರೆ ಗಂಧಕದ ಕಡ್ಡಿ ಹಚ್ಚಿ ಜಾಯಿಂಟ್ ಹತ್ತಿರ ಹಿಡಿದರೆ ಬೆಳ್ಳಗೆ ಹೊಗೆ ಏಳುತ್ತೆ. ನಮ್ಮ ಕಂಪ್ರೆಸರ್ ನೋಡಿದರೆ ನಿಮ್ಮ ಒಂದು ಟನ್ ಎಸಿ ಆಟಿಕೆ ಅನಿಸುತ್ತೆ.

ಪಿಸಿಬಿ_ಪವನ:
ಒಳಗೆ ಮೆಣಸಿನಕಾಯಿ ಘಾಟು, ಹೊರಗೆ ಅಮೋನಿಯಾ. ಮೂಗು ಇನ್ನೂ ಕೆಲಸ ಮಾಡುತ್ತಾ ಅಣ್ಣಾ?

ಬ್ಯಾಡಗಿ_ಕೋಲ್ಡ್:
ಬಂದು ನೋಡಿ, ಗೊತ್ತಾಗುತ್ತೆ.

ನವನಗರ_ನಟ್ಟು:
ಸೆಕೆ ಸರ್, ನೈಟ್ರೋಜನ್ ಸಿಲಿಂಡರ್ ಮತ್ತು ರೆಗ್ಯುಲೇಟರ್ ಇರುವವರನ್ನು ಕರೆಸಿ. ಉಳಿದ ಗ್ಯಾಸನ್ನು ರಿಕವರಿ ಸಿಲಿಂಡರ್‌ಗೆ ತೆಗೆಯಲಿ. ಆಮೇಲೆ ಔಟ್‌ಡೋರ್‌ನ ಎರಡೂ ವಾಲ್ವ್ ಎಲೆನ್ ಕೀಯಿಂದ ಮುಚ್ಚಿ, ಸರ್ವಿಸ್ ಪೋರ್ಟ್‌ನಿಂದ ನೈಟ್ರೋಜನ್ ಬಿಡಲಿ. ವಾಲ್ವ್ ಮುಚ್ಚಿದಾಗ ಆ ಪೋರ್ಟ್ ಪೈಪಿನ ಕಡೆಗೆ ತೆರೆದಿರುತ್ತೆ. ಹಾಗಾಗಿ ಪೈಪು ಮತ್ತು ಇಂಡೋರ್ ಕಾಯಿಲ್ ಎರಡೂ ಔಟ್‌ಡೋರ್‌ನಿಂದ ಬೇರೆಯಾಗಿ ಪರೀಕ್ಷೆಗೆ ಸಿಗುತ್ತವೆ. 400 ಪಿಎಸ್‌ಐಗೆ ನಿಲ್ಲಿಸಿ ರಾತ್ರಿಯಿಡೀ ಬಿಡಿ. ನೈಟ್ರೋಜನ್ ಸಿಗಲಿಲ್ಲ ಅಂತ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಬಿಟ್ಟೀರಿ ಮತ್ತೆ! ಎಣ್ಣೆಗೆ ಆಕ್ಸಿಜನ್ ತಾಗಿದರೆ ಸ್ಫೋಟವೇ.

ಕಾಯಿಲ್_ಕಾಕಾ:
ಮಾಡಿಸಿ, ಮಾಡಿಸಿ. ಕಾಯಿಲೇ ಅಂತ ಬರುತ್ತೆ.

ಸಪ್ತಾಪುರ_ಸೆಕೆ:
ಮಾಡಿಸಿದೆ. ನಿನ್ನೆ ಸಂಜೆ 400ಕ್ಕೆ ನಿಲ್ಲಿಸಿದರು. ಇವತ್ತು ಬೆಳಿಗ್ಗೆ ಆರಕ್ಕೆ ನೋಡಿದರೆ 386. ಔಟ್‌ಡೋರ್‌ನ ಫೋಟೋ ಹಾಕಿದ್ದೀನಿ, ಗೇಜ್ ಹಾಕುವ ಮುಂಚೆ ತೆಗೆದಿದ್ದು.

ಕಾಯಿಲ್_ಕಾಕಾ:
ನಾನು ಏನು ಹೇಳಿದ್ದೆ? 14 ಇಳಿದಿದೆ. ಕಾಯಿಲ್ ಆರ್ಡರ್ ಮಾಡಿ.

ನವನಗರ_ನಟ್ಟು:
ಕಾಕಾ, ಅವಸರ ಬೇಡ. ಸರ್, ಸಂಜೆ ಎಷ್ಟು ಡಿಗ್ರಿ ಇತ್ತು, ಬೆಳಿಗ್ಗೆ ಎಷ್ಟು?

ಸಪ್ತಾಪುರ_ಸೆಕೆ:
ಫೋನಿನಲ್ಲಿ ಸಂಜೆ 34 ತೋರಿಸ್ತಿತ್ತು. ಬೆಳಿಗ್ಗೆ 24. ರಾತ್ರಿ ಗಾಳಿ ಚೆನ್ನಾಗಿತ್ತು.

ನವನಗರ_ನಟ್ಟು:
ಹಾಗಾದರೆ ಲೀಕ್ ಇಲ್ಲ. ಮುಚ್ಚಿದ ಪೈಪಿನಲ್ಲಿ ನೈಟ್ರೋಜನ್ ತಣ್ಣಗಾದರೆ ಪ್ರೆಷರ್ ತಾನಾಗೇ ಇಳಿಯುತ್ತೆ. 400ರ ಹತ್ತಿರ ಒಂದು ಡಿಗ್ರಿಗೆ ಹೆಚ್ಚು ಕಡಿಮೆ 1.35 ಪಿಎಸ್‌ಐ. ಹತ್ತು ಡಿಗ್ರಿಗೆ ಹದಿಮೂರೂವರೆ. ನಿಮ್ಮ 386 ಬರೋಬ್ಬರಿ ಲೆಕ್ಕಕ್ಕೆ ಸರಿಹೋಯಿತು. ಮಧ್ಯಾಹ್ನ ನೋಡಿ, ಮತ್ತೆ 400 ದಾಟುತ್ತೆ.

ಸಪ್ತಾಪುರ_ಸೆಕೆ:
ಹೌದು, ಈಗ ಮಧ್ಯಾಹ್ನ 402 ಇದೆ. ಹಂಗಾದ್ರೆ ಗ್ಯಾಸ್ ಎಲ್ಲಿ ಹೋಯ್ತು ಮಾರಾಯ್ರೇ? ದೆವ್ವ ಕುಡೀತಾ? ಈ ಎಸಿಯನ್ನು ಗುಜರಿಗೆ ಹಾಕಿ ಹೊಸದು ತರೋಣ ಅಂತ ಮನೆಯವರು ಹೇಳ್ತಿದ್ದಾರೆ.

ಪಿಸಿಬಿ_ಪವನ:
ನಾನು ಮೊದಲೇ ಪಿಸಿಬಿ ಅಂದಿದ್ದೆ.

ಕಾಯಿಲ್_ಕಾಕಾ:
ಔಟ್‌ಡೋರ್ ಕಾಯಿಲ್ ಇರಬಹುದು. ಅದೂ ಕಾಯಿಲೇ ಅಲ್ವಾ.

ಗೋಕುಲರೋಡ್_ಟೂಲ್ಸ್:
ಎಲ್ಲರೂ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿ. ದಪ್ಪ ಪೈಪಿನ ವಾಲ್ವ್‌ನಲ್ಲಿ ಪಕ್ಕಕ್ಕೆ ಚಾಚಿರುವ ಸರ್ವಿಸ್ ಪೋರ್ಟ್. ಅದರ ಹಿತ್ತಾಳೆ ಕ್ಯಾಪ್ ಎಲ್ಲಿ? ಪೋರ್ಟಿನ ಬಾಯಿ ಸುತ್ತ ಕೆಂಪು ಮಣ್ಣು ಉಂಗುರದಂತೆ ಅಂಟಿದೆ. ಪಕ್ಕದ ನಟ್ಟುಗಳ ಮೇಲಿರೋದು ಒಣ ಧೂಳು, ಊದಿದರೆ ಹಾರುವಂಥದ್ದು. ಇಲ್ಲಿ ಮಾತ್ರ ಹಸಿಯಾಗಿ, ಕಪ್ಪಾಗಿ ಮೆತ್ತಿಕೊಂಡಿದೆ. ಕಂಪ್ರೆಸರ್ ಎಣ್ಣೆ ಗ್ಯಾಸಿನ ಜೊತೆ ಸುತ್ತುತ್ತಾ ಇರುತ್ತೆ. ಗ್ಯಾಸ್ ಸೋರುವ ಕಡೆ ಎಣ್ಣೆ ಜಿನುಗುತ್ತೆ, ಎಣ್ಣೆಗೆ ನಮ್ಮ ಧಾರವಾಡದ ಮಣ್ಣು ಹಿಡಿಯುತ್ತೆ.

ಒಳಗಿರೋದು ಸಣ್ಣ ಪಿನ್ ವಾಲ್ವ್, ಬೈಕ್, ಕಾರಿನ ಟೈರಿಗೆ ಗಾಳಿ ಹಾಕುವ ಕಡೆ ಇರುವಂಥದ್ದೇ. ಅದು ಪೂರ್ತಿ ಬಿಗಿ ಇರುತ್ತೆ ಅಂತ ನಂಬೋ ಹಾಗಿಲ್ಲ. ಕೊನೆಗೆ ಗ್ಯಾಸ್ ತಡೆಯೋದು ಆ ಕ್ಯಾಪ್. ಶಿಫ್ಟ್ ಮಾಡಿದವರು ಕಳೆದುಬಿಟ್ಟಿದ್ದಾರೆ.

ನವನಗರ_ನಟ್ಟು:
ಭಲೇ! ಇನ್ನೊಂದು ಮಜಾ ಗೊತ್ತಾ? ಗೇಜಿನ ಹೋಸ್ ಹಾಕೋದೂ ಅದೇ ಪೋರ್ಟಿಗೆ. ಹೋಸ್ ಹಾಕಿದ ಕೂಡಲೇ ಲೀಕ್ ಮುಚ್ಚಿಹೋಗುತ್ತೆ. ಅದಕ್ಕೇ ನೈಟ್ರೋಜನ್ ರಾತ್ರಿಯಿಡೀ ನಿಂತಿತು. ಮೊದಲ ಮೆಕ್ಯಾನಿಕ್ ಸೋಪಿನ ನೀರು ಹಚ್ಚಿದಾಗ ಗೇಜ್ ಹಾಕಿಯೇ ಇದ್ದನಾ?

ಸಪ್ತಾಪುರ_ಸೆಕೆ:
ಹೌದು, ಗೇಜ್ ನೇತಾಡ್ತಾನೇ ಇತ್ತು.

ನವನಗರ_ನಟ್ಟು:
ಈಗ ನೈಟ್ರೋಜನ್ ಒಳಗಿರುವಾಗಲೇ ಹೋಸ್ ಬಿಚ್ಚಿಸಿ. ಪೋರ್ಟಿನ ಬಾಯಿಗೆ ಒಂದೆರಡು ಹನಿ ಸೋಪಿನ ನೀರು. ಸುಮ್ನೆ ನೋಡ್ತಾ ಕೂರಿ.

ಸಪ್ತಾಪುರ_ಸೆಕೆ:
ಸಿಕ್ಕಿತು!! ಹಚ್ಚಿದ ಕೂಡಲೇ ಏನೂ ಇರಲಿಲ್ಲ. ಆಮೇಲೆ ಪೋರ್ಟಿನ ಬಾಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಮೆಲ್ಲಗೆ ಉಬ್ಬುತ್ತಾ ಬಾಯಿ ತುಂಬಿ ಒಡೆಯಿತು. ಮತ್ತೆ ಇನ್ನೊಂದು. ಮಗಳು ವಿಡಿಯೋ ಮಾಡಿದ್ದಾಳೆ. ಮುಂದೇನು?

ನವನಗರ_ನಟ್ಟು:
ನೈಟ್ರೋಜನ್ ಹೊರಗೆ ಬಿಟ್ಟು, ಪಿನ್ ಬದಲಾಯಿಸಿ. ಪಿನ್ ಬೆಲೆ ಚಹಾ ತಿಂಡಿ ಖರ್ಚಿನಷ್ಟೇ. ಹೊಸದು ಹಾಕಿ ಮತ್ತೆ ನೈಟ್ರೋಜನ್, ಮತ್ತೆ ಹೋಸ್ ಬಿಚ್ಚಿ ಸೋಪಿನ ನೀರು. ಔಟ್‌ಡೋರ್ ಕಡೆ ಇನ್ನೂ ಪರೀಕ್ಷೆ ಆಗಿಲ್ಲ, ವಾಲ್ವ್ ತೆರೆದು ಅದನ್ನೂ ಸೇರಿಸಿ ಒಮ್ಮೆ ನೋಡಲಿ. ಆಮೇಲೆ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆದು ವ್ಯಾಕ್ಯೂಮ್ 500 ಮೈಕ್ರಾನ್ (ಒಳಗೆ ಉಳಿದ ಒತ್ತಡದ ಅಳತೆ) ಕೆಳಗೆ ಇಳಿಯಬೇಕು, ಪಂಪ್ ಬಂದ್ ಮಾಡಿದ ಮೇಲೂ ಸರ್ರನೆ ಏರಬಾರದು. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳುತ್ತೇನೆ ಅಂದರೆ ಬೇಡ ಅನ್ನಿ, ಒಳಗಿನ ತೇವ ಹಾಗೇ ಉಳಿಯುತ್ತೆ.

ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು, ಸ್ಟಿಕರ್ ಮೇಲಿನಷ್ಟು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ವೇಗ ಬದಲಾದ ಹಾಗೆ ಗೇಜ್ ಮುಳ್ಳೂ ಓಡಾಡುತ್ತೆ, ಅದನ್ನು ನೋಡಿ ತುಂಬಿದರೆ ಅಂದಾಜು ತಪ್ಪುತ್ತೆ. ಕೊನೆಗೆ ಕ್ಯಾಪ್. ಪ್ಲಾಸ್ಟಿಕ್ ಬೇಡ, ಎಂಸೀಲ್ ಮೆತ್ತೋದೂ ಬೇಡ. ಹಿತ್ತಾಳೆಯದ್ದೇ ಹಾಕಿಸಿ.

ಬ್ಯಾಡಗಿ_ಕೋಲ್ಡ್:
ನಮ್ಮಲ್ಲಿ ಆಗಿದ್ದರೆ ಗಂಧಕದ ಕಡ್ಡಿ ಒಂದೇ ನಿಮಿಷದಲ್ಲಿ ತೋರಿಸುತ್ತಿತ್ತು.

ಸಪ್ತಾಪುರ_ಸೆಕೆ:
ಪಿನ್, ಕ್ಯಾಪ್ ಎರಡೂ ಹೊಸದು ಹಾಕಿದರು. ಔಟ್‌ಡೋರ್ ಸೇರಿಸಿ ನೋಡಿದಾಗಲೂ ಗುಳ್ಳೆ ಇಲ್ಲ. ತೂಕ ಮಾಡಿ 720 ಗ್ರಾಂ ಹಾಕಿದರು. ದಪ್ಪ ಪೈಪು ಈಗ ಕೈಗೆ ತಣ್ಣಗೆ ಸಿಗುತ್ತದೆ, ಮೇಲೆ ಬೆವರು ಹನಿ. ತಿಂಗಳಾದ ಮೇಲೆ ಇಲ್ಲೇ ಬರೆಯುತ್ತೇನೆ. ನಟ್ಟು ಅವರಿಗೂ ಗೋಕುಲ್ ರೋಡ್ ಅವರಿಗೂ ದೊಡ್ಡ ನಮಸ್ಕಾರ. ಪೇಢಾ ಬಾಕಿ ಇದೆ.

ಕಾಯಿಲ್_ಕಾಕಾ:
ಸಂತೋಷ. ಆದರೂ ಒಮ್ಮೆ ಕಾಯಿಲ್ ನೋಡಿಸಿಟ್ಟಿರಿ.

ಹಾವೇರಿ_ಕಿಟಕಿ:
ನಡುವೆ ಬಂದೆ, ಕ್ಷಮಿಸಿ. ನಮ್ಮದು ಹಳೇ ವಿಂಡೋ ಎಸಿ, ಆರ್ 22. ಗ್ಯಾಸ್ ಹೋಗಿದೆ. ಅಂಗಡಿಯವರು "ಅದರಲ್ಲೇ ಆರ್ 32 ಹಾಕ್ತೀವಿ, ಅಗ್ಗ" ಅಂತಿದ್ದಾರೆ. ಹಾಕಿಸಬಹುದಾ?

ನವನಗರ_ನಟ್ಟು:
ಖಂಡಿತ ಬೇಡ. 30 ಡಿಗ್ರಿಯಲ್ಲಿ ಆರ್ 22 ಸುಮಾರು 158 ಪಿಎಸ್‌ಐ, ಆರ್ 32 ಸುಮಾರು 265. ಆ ಕಂಪ್ರೆಸರ್, ಆ ಪೈಪು ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ, ಎಣ್ಣೆಯೂ ಬೇರೆ. ಆರ್ 22 ಇನ್ನೂ ಸಿಗುತ್ತೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮಲ್ಲಿ 2030ರ ಹೊತ್ತಿಗೆ ಅದನ್ನು ಕೈಬಿಡಬೇಕು, ಹಾಗಾಗಿ ಹಳೇ ಎಸಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಮಾಡೆಲ್, ವಯಸ್ಸು, ಮಂಜು ಎಲ್ಲಿ ಬರುತ್ತೆ, ಎಲ್ಲಾ ಬರೆದು ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಹಾಕಿದರೆ ಕಾಕಾ ಅದಕ್ಕೂ ಕಾಯಿಲ್ ಅಂತಾರೆ.

ಕಾಯಿಲ್_ಕಾಕಾ:
ವಿಂಡೋ ಎಸಿ ಅಂದಮೇಲೆ ಮತ್ತೇನಿರುತ್ತೆ ರೀ, ಅದರಲ್ಲಿ ಫ್ಲೇರ್ ನಟ್ಟೇ ಇರಲ್ಲ. ಕಾಯಿಲೇ.

ನವನಗರ_ನಟ್ಟು:
ಈ ಸಲ ಕಾಕಾ ಹೇಳೋದು ಸರಿ ಇರಬಹುದು.